ಗೆರೆ ಎಳೆದವರದ್ದೇ ಗೆಲುವು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೋ ನಗರದಲ್ಲಿ ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ಸ್ಟೇಟ್ ಯೂನಿವರ್ಸಿಟಿ ಇದೆ. ಕಪ್ಪು ಜನರ ಶಿಕ್ಷಣಕ್ಕೆಂದೇ ಹುಟ್ಟಿಕೊಂಡ ವಿಶ್ವವಿದ್ಯಾಲಯಗಳ ಪೈಕಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಇದೇ ದೊಡ್ಡದು. 1960ರ ಫೆಬ್ರುವರಿ 1ರಂದು ಇಲ್ಲಿನ ನಾಲ್ವರು ವಿದ್ಯಾರ್ಥಿಗಳು ಊರಿನ ವೂಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನ ಮುಂದೆ ಕುಳಿತು, ಏಳಿ ಎಂದರೂ ಏಳದೆ, ನಾಗರಿಕ ಹಕ್ಕುಗಳ ಚಳವಳಿಗೆ ಹೊಸ ಕಸುವು ತುಂಬಿದ್ದರು. 2016ರಲ್ಲಿ ಅದೇ ಕ್ಯಾಂಪಸ್ಸಿನ ನಡುವೆ ಹಾದುಹೋಗುವ ಲಾರೆಲ್ ಸ್ಟ್ರೀಟ್ ಎಂಬ ರಸ್ತೆ ಎರಡು ಸಂಸತ್ ಕ್ಷೇತ್ರಗಳ ಗಡಿಯಾಯಿತು. ರಸ್ತೆಯ ಒಂದು ಬದಿ 6ನೇ ಕ್ಷೇತ್ರ, ಇನ್ನೊಂದು ಬದಿ 13ನೇ ಕ್ಷೇತ್ರ. ಹಾಸ್ಟೆಲ್ ಬದಲಿಸಿ ರಸ್ತೆಯ ಆಚೆಗೆ ಹೋದ ವಿದ್ಯಾರ್ಥಿಗೆ ಸಂಸದರೂ ಬದಲಾಗುತ್ತಿದ್ದರು. ಡೆಮಾಕ್ರಟಿಕ್ ಪಕ್ಷದತ್ತ ವಾಲಿದ್ದ ಕ್ಯಾಂಪಸ್ಸಿನ ಮತಗಳು ಹೀಗೆ ಎರಡು ಪಾಲಾಗಿ, ಸುತ್ತಲಿನ ರಿಪಬ್ಲಿಕನ್ ಮತಗಳಲ್ಲಿ ಕರಗಿದವು. ಎರಡೂ ಕ್ಷೇತ್ರಗಳಲ್ಲಿ ಗೆದ್ದವರು ರಿಪಬ್ಲಿಕನ್ನರು.

ಇದು ಆಕಸ್ಮಿಕವಾಗಿರಲಿಲ್ಲ. ಅದಕ್ಕೂ ಹಿಂದಿನ ನಕ್ಷೆಯನ್ನು ಜನಾಂಗ ನೋಡಿ ರೂಪಿಸಲಾಗಿದೆ ಎಂಬ ಕಾರಣಕ್ಕೆ ಫೆಡರಲ್ ಕೋರ್ಟ್ ರದ್ದು ಮಾಡಿತ್ತು. ಹೊಸ ನಕ್ಷೆಯ ಹೊಣೆ ಹೊತ್ತಿದ್ದ ರಿಪಬ್ಲಿಕನ್ ಶಾಸಕ ಡೇವಿಡ್ ಲೂಯಿಸ್ ಸಮಿತಿಯ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: 13 ಸ್ಥಾನಗಳಲ್ಲಿ 10 ರಿಪಬ್ಲಿಕನ್ನರಿಗೆ, 3 ಡೆಮಾಕ್ರಟರಿಗೆ ಬರುವಂತೆ ಗೆರೆ ಎಳೆಯೋಣ, 11–2 ಮಾಡಲು ಸಾಧ್ಯವೆಂದು ತಮಗೆ ಅನ್ನಿಸದ ಕಾರಣ ಈ ಲೆಕ್ಕ. ಆ ವರ್ಷದ ನವೆಂಬರಿನಲ್ಲಿ ರಿಪಬ್ಲಿಕನ್ನರಿಗೆ ಸುಮಾರು ಶೇ 53ರಷ್ಟು ಮತ ಬಂತು. ಸ್ಥಾನಗಳು ಮಾತ್ರ ಲೂಯಿಸ್ ಹೇಳಿದಷ್ಟೇ, 13ರಲ್ಲಿ 10.

ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳಿವೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ನಂತರ ಜನಸಂಖ್ಯೆಗೆ ತಕ್ಕಂತೆ ಅವನ್ನು ರಾಜ್ಯಗಳಿಗೆ ಹಂಚುತ್ತಾರೆ. ಒಂದೊಂದು ರಾಜ್ಯದೊಳಗೆ ಕ್ಷೇತ್ರದ ಗಡಿ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಬಹುಪಾಲು ರಾಜ್ಯಗಳಲ್ಲಿ ಅಲ್ಲಿನ ಶಾಸನಸಭೆ. ಅಂದರೆ ಬಹುಮತವಿರುವ ಪಕ್ಷದ ಕೈಯಲ್ಲೇ ಪೆನ್ಸಿಲ್ ಇರುತ್ತದೆ. ಶಾಸಕರು ತಮ್ಮ ಸ್ವಂತ ಕ್ಷೇತ್ರಗಳ ಗಡಿಯನ್ನೂ ಇದೇ ಅಧಿಕಾರದಿಂದ ಬರೆದುಕೊಳ್ಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇಲ್ಲಿ ಕಾನೂನಿನ ಒಪ್ಪಿಗೆಯೇ ಇದೆ.

ಚಾಳಿ ಹಳೆಯದು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಅನುಕೂಲವಾದ ನಕ್ಷೆಗೆ ಸಹಿ ಹಾಕಿದರು. ಅದರ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯಂತೆ ಕಂಡು, ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಅಚ್ಚುಹಾಕಿತು. ಜೆರಿಮ್ಯಾಂಡರಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ವರ್ಷ ರಾಜ್ಯ ಸೆನೆಟ್ ಚುನಾವಣೆಯಲ್ಲಿ ಎದುರಾಳಿ ಫೆಡರಲಿಸ್ಟರಿಗೇ ಹೆಚ್ಚು ಮತ ಬಂದರೂ 40ರಲ್ಲಿ 29 ಸ್ಥಾನ ಗೆರಿಯವರ ಪಕ್ಷಕ್ಕೆ ಹೋದವು.

ಇಂದಿಗೂ ಉಪಾಯಗಳು ಎರಡೇ: ಎದುರಾಳಿಯ ಮತಗಳನ್ನು ಒಡೆದು ಚದುರಿಸುವುದು, ಇಲ್ಲವೇ ಒಂದೇ ಕಡೆ ತುರುಕುವುದು. ಒಡೆಯುವುದಕ್ಕೆ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಒಳ್ಳೆಯ ಉದಾಹರಣೆ. ದಶಕಗಳಿಂದ ಡೆಮಾಕ್ರಟರನ್ನೇ ಆರಿಸುತ್ತಿದ್ದ ಈ ನಗರವನ್ನು ರಿಪಬ್ಲಿಕನ್ ಶಾಸನಸಭೆ 2022ರ ಆರಂಭದಲ್ಲಿ ಮೂರು ಹೋಳು ಮಾಡಿ, ಒಂದೊಂದನ್ನು ದೂರದ ಗ್ರಾಮೀಣ ಪ್ರದೇಶಕ್ಕೆ ಸೇರಿಸಿತು. ಅಲ್ಲಿನ ಹಳೆಯ ಸಂಸದ ಜಿಮ್ ಕೂಪರ್ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಮೂರೂ ಕ್ಷೇತ್ರಗಳು ರಿಪಬ್ಲಿಕನ್ನರ ಪಾಲಾದವು. ತುರುಕುವುದನ್ನು ನೋಡಬೇಕಾದರೆ 2011ರ ಓಹಾಯೋ ನಕ್ಷೆಯತ್ತ ತಿರುಗಬೇಕು. ಈರೀ ಸರೋವರದ ದಂಡೆಯುದ್ದಕ್ಕೂ ಟೊಲೀಡೊದಿಂದ ಕ್ಲೀವ್‌ಲ್ಯಾಂಡ್‌ವರೆಗೆ ಹರಿದ ಒಂದು ಕ್ಷೇತ್ರವನ್ನು ಜನ ‘ಸರೋವರದ ಹಾವು’ ಎಂದೇ ಕರೆದರು. ಒಂದೆಡೆ ಅದರ ಅಗಲ ಒಂದು ಸೇತುವೆಯಷ್ಟೇ. ಎರಡು ನಗರಗಳ ಡೆಮಾಕ್ರಟಿಕ್ ಮತಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಅದೇ ಪಕ್ಷದ ಇಬ್ಬರು ಹಿರಿಯ ಸಂಸದರಾದ ಮಾರ್ಸಿ ಕ್ಯಾಪ್ಟರ್ ಮತ್ತು ಡೆನಿಸ್ ಕುಸಿನಿಚ್ ಪರಸ್ಪರ ಹೋರಾಡಬೇಕಾಯಿತು. 2012ರಲ್ಲಿ ಬರಾಕ್ ಒಬಾಮ ಓಹಾಯೋ ಗೆದ್ದರು. ಅದೇ ದಿನ ಅಲ್ಲಿನ 16 ಪ್ರತಿನಿಧಿ ಸ್ಥಾನಗಳಲ್ಲಿ 12 ರಿಪಬ್ಲಿಕನ್ನರಿಗೆ ದಕ್ಕಿದವು.

ಹಿಂದೆ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿ ಊಹೆಯ ಮೇಲೆ ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರ್ ಬೀದಿ ಬೀದಿಯ ಮತದ ಲೆಕ್ಕ ಹಿಡಿದು ಮಾಡುತ್ತದೆ. 2010ರಲ್ಲಿ ರಿಪಬ್ಲಿಕನ್ನರು ‘ರೆಡ್‌ಮ್ಯಾಪ್’ ಎಂಬ ಯೋಜನೆ ಹಾಕಿಕೊಂಡು, ಯಾರೂ ಹೆಚ್ಚು ಗಮನಿಸದ ರಾಜ್ಯ ಶಾಸನಸಭೆಯ ಸ್ಪರ್ಧೆಗಳಿಗೆ ಹಣ ಸುರಿದರು. ಜನಗಣತಿಯ ವರ್ಷದಲ್ಲಿ ಶಾಸನಸಭೆ ಕೈಗೆ ಬಂದರೆ ಮುಂದಿನ ಹತ್ತು ವರ್ಷ ನಕ್ಷೆಯೂ ಕೈಯಲ್ಲಿರುತ್ತದೆ ಎಂಬ ಅವರ ಲೆಕ್ಕ ತಪ್ಪಲಿಲ್ಲ. 2012ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದ ಡೆಮಾಕ್ರಟರಿಗೆ ಸಿಕ್ಕಿದ್ದು 18ರಲ್ಲಿ 5 ಸ್ಥಾನ. ದೇಶದಾದ್ಯಂತ ಪ್ರತಿನಿಧಿ ಸಭೆಗೆ ಬಿದ್ದ ಮತಗಳಲ್ಲಿ ಡೆಮಾಕ್ರಟರು ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ ಬಹುಮತ 234–201ರಂತೆ ರಿಪಬ್ಲಿಕನ್ನರದಾಯಿತು.

ಡೆಮಾಕ್ರಟರೇನೂ ಕೈ ಕಟ್ಟಿಕೊಂಡು ಕುಳಿತವರಲ್ಲ. ಅವಕಾಶ ಸಿಕ್ಕ ಮೇರಿಲ್ಯಾಂಡಿನಲ್ಲಿ 2011ರಲ್ಲಿ ಅವರು 6ನೇ ಕ್ಷೇತ್ರದ ಗಡಿಯನ್ನು ರಾಜಧಾನಿ ವಾಷಿಂಗ್ಟನ್ನಿನ ಹೊರವಲಯಕ್ಕೆ ಎಳೆದು ತಂದು, ಇಪ್ಪತ್ತು ವರ್ಷ ಸಂಸದರಾಗಿದ್ದ ರಿಪಬ್ಲಿಕನ್ ರಾಸ್ಕೋ ಬಾರ್ಟ್ಲೆಟ್ ಅವರನ್ನು ಮುಂದಿನ ಚುನಾವಣೆಯಲ್ಲೇ ಸೋಲಿಸಿದರು. ನಾರ್ತ್ ಕ್ಯಾರೊಲಿನಾ ಮತ್ತು ಮೇರಿಲ್ಯಾಂಡ್ ನಕ್ಷೆಗಳ ಪ್ರಕರಣಗಳು ಜೊತೆಯಾಗಿ ಸುಪ್ರೀಂ ಕೋರ್ಟಿಗೆ ಬಂದವು. 2019ರ ಜೂನ್ 27ರಂದು ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ತೀರ್ಪು ಹೊರಬಿತ್ತು. ಇಂಥ ನಕ್ಷೆಗಳು ಪ್ರಜಾಪ್ರಭುತ್ವದ ತತ್ವಕ್ಕೆ ಹೊಂದುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಪ್ಪಿಕೊಂಡರು. ಆದರೆ ಪಕ್ಷದ ಲಾಭಕ್ಕಾಗಿ ಎಳೆದ ಗೆರೆಯನ್ನು ತಿದ್ದುವುದು ಫೆಡರಲ್ ಕೋರ್ಟುಗಳ ಕೆಲಸವಲ್ಲ ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಈ ಕೈಬಿಡುವಿಕೆಯನ್ನು ಕಟುವಾಗಿ ಖಂಡಿಸಿದರು.

ಸ್ಥಾನಗಳ ಲೆಕ್ಕ ಏರುಪೇರಾಗುವುದು ಕಣ್ಣಿಗೆ ಕಾಣುವ ಹಾನಿ. ಅದಕ್ಕಿಂತ ಆಳವಾದ ಹಾನಿ, ನಿಜವಾದ ಚುನಾವಣೆ ನಡೆಯುವ ದಿನವೇ ಬದಲಾಗುವುದು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಹೈಕಮಾಂಡ್ ಆರಿಸುವುದಿಲ್ಲ. ‘ಪ್ರೈಮರಿ’ ಎಂಬ ಒಳಚುನಾವಣೆಯಲ್ಲಿ ಮತದಾರರು ಆರಿಸುತ್ತಾರೆ. ಒಂದು ಪಕ್ಷಕ್ಕೆ ಭದ್ರವಾದ ಕ್ಷೇತ್ರದಲ್ಲಿ ಪ್ರೈಮರಿ ಗೆದ್ದವರು ನವೆಂಬರಿನಲ್ಲಿ ಗೆದ್ದಂತೆಯೇ. ಆದರೆ ಪ್ರೈಮರಿಗೆ ಬರುವವರು ಅರ್ಹ ಮತದಾರರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು, ಅದರಲ್ಲೂ ಪಕ್ಷದ ಕಟ್ಟಾ ನಿಷ್ಠರು. ಸಂಸದರು ಹೆದರಬೇಕಾದದ್ದು ಅವರಿಗೆ. ಎದುರು ಪಕ್ಷದೊಂದಿಗೆ ಕೂತು ಮಾತಾಡಿದರೆ ‘ರಾಜಿಯಾದವ’ ಎಂಬ ಹಣೆಪಟ್ಟಿ ಬೀಳುತ್ತದೆ.

2014ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಆದದ್ದು ಇದೇ. ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕರಾಗಿದ್ದ ಎರಿಕ್ ಕ್ಯಾಂಟರ್, ಹೆಸರೇ ಕೇಳಿರದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಡೇವ್ ಬ್ರ್ಯಾಟ್ ಎದುರು ಪ್ರೈಮರಿಯಲ್ಲಿ ಸೋತರು. ಎರಡು ವರ್ಷ ಮೊದಲು ಕ್ಯಾಂಟರ್‌ಗೆ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದಿದ್ದವು. ಅವರನ್ನು ಮನೆಗೆ ಕಳಿಸಲು ಸುಮಾರು 36 ಸಾವಿರ ಮತ ಸಾಕಾಯಿತು. ಅಕ್ರಮ ವಲಸಿಗರ ವಿಷಯದಲ್ಲಿ ಕ್ಯಾಂಟರ್ ಮೆದುವಾಗಿದ್ದಾರೆ ಎಂಬುದು ಬ್ರ್ಯಾಟ್ ಅವರ ಮುಖ್ಯ ಆರೋಪ. ಹಿಂದಿನ ವರ್ಷವಷ್ಟೇ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಎರಡೂ ಪಕ್ಷಗಳ ಬೆಂಬಲದಿಂದ 68–32ರಲ್ಲಿ ವಲಸೆ ಸುಧಾರಣಾ ಮಸೂದೆಯನ್ನು ಅಂಗೀಕರಿಸಿತ್ತು. ಕ್ಯಾಂಟರ್ ಸೋಲಿನ ನಂತರ ಅದಕ್ಕಿದ್ದ ಅಲ್ಪ ಆಸೆಯೂ ಹೋಯಿತು. ಪ್ರತಿನಿಧಿ ಸಭೆಯಲ್ಲಿ ಅದು ಮತಕ್ಕೇ ಬರಲಿಲ್ಲ. ಒಂದು ಕ್ಷೇತ್ರದ ಒಳಚುನಾವಣೆಯ ಏಟು ದೇಶವಿಡೀ ಹರಡಿತು.

ಧ್ರುವೀಕರಣಕ್ಕೆಲ್ಲ ನಕ್ಷೆಯೇ ಕಾರಣ ಎನ್ನಲಾಗದು. ರಾಜ್ಯದ ಗಡಿಯನ್ನು ಯಾರೂ ತಿದ್ದುವಂತಿಲ್ಲ, ಆದರೂ ಇಡೀ ರಾಜ್ಯ ಆರಿಸುವ ಸೆನೆಟ್ ಕೂಡ ಒಡೆದು ಎರಡಾಗಿದೆ. ಡೆಮಾಕ್ರಟರು ದೊಡ್ಡ ನಗರಗಳಲ್ಲಿ, ರಿಪಬ್ಲಿಕನ್ನರು ಸಣ್ಣ ಊರು–ಹಳ್ಳಿಗಳಲ್ಲಿ ಗುಂಪುಗೂಡುತ್ತಿದ್ದಾರೆ. ಮನಸ್ಸುಗಳ ನಡುವಿನ ದೂರವೂ ಬೆಳೆದಿದೆ. ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ಹೌದು ಎಂದವರು ಶೇ 5ರಷ್ಟು. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ ಜನ ಹೌದು ಎಂದರು. ಮೊದಲೇ ಬಿರುಕು ಬಿಟ್ಟ ಸಮಾಜದಲ್ಲಿ ಭದ್ರ ಕ್ಷೇತ್ರಗಳು ಬಿರುಕನ್ನು ಹಿಗ್ಗಿಸುತ್ತವೆ. ಅದನ್ನು ಮುಚ್ಚಲು ಹೊರಟ ರಾಜಕಾರಣಿಗೆ ಅವು ಶಿಕ್ಷೆ ಕೊಡುತ್ತವೆ.

ಮತದಾರರ ನಿರಾಶೆಯೂ ಇಲ್ಲಿಯೇ ಮೊಳೆಯುತ್ತದೆ. ವಾಷಿಂಗ್ಟನ್ ಸರ್ಕಾರದ ಮೇಲೆ ಬಹುತೇಕ ಸಮಯ ನಂಬಿಕೆಯಿದೆ ಎನ್ನುವವರು 1964ರಲ್ಲಿ ನೂರಕ್ಕೆ 77 ಇದ್ದರು. ಇತ್ತೀಚಿನ ವರ್ಷಗಳಲ್ಲಿ ಅದು 20ರ ಆಸುಪಾಸಿನಲ್ಲಿದೆ. ಸಂಸತ್ತನ್ನು ಮೆಚ್ಚುವವರು ವಿರಳವಾದರೂ ಮರುಸ್ಪರ್ಧಿಸುವ ಸಂಸದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮತ್ತೆ ಗೆಲ್ಲುತ್ತಾರೆ. 2014ರಲ್ಲಿ ಮತ ಹಾಕಿದವರು ಅರ್ಹರಲ್ಲಿ ಶೇ 37ರಷ್ಟು; ಎರಡನೇ ಮಹಾಯುದ್ಧದ ನಂತರ ಅಷ್ಟು ಕಡಿಮೆ ಆಗಿರಲಿಲ್ಲ. ಮುಂದೆ 2020ರಲ್ಲಿ ಮತದಾನ ಶೇ 66ಕ್ಕೆ ಏರಿ ಶತಮಾನದ ದಾಖಲೆಯಾಯಿತು. ನಂಬಿಕೆ ಮಾತ್ರ ಮರಳಲಿಲ್ಲ. ಎದುರು ಪಕ್ಷದ ಭಯ, ಸಿಟ್ಟು ಜನರನ್ನು ಸಾಲಿನಲ್ಲಿ ನಿಲ್ಲಿಸಬಲ್ಲವು. ತಮ್ಮ ಮತದಿಂದ ಏನಾದರೂ ಬದಲಾಗುತ್ತದೆ ಎಂಬ ಭರವಸೆಯನ್ನು ಅವು ಕೊಡಲಾರವು.

ಆ ಭರವಸೆಯನ್ನು ಕಟ್ಟಲು ಹೊರಟವರೂ ಇದ್ದಾರೆ. 2016ರ ಚುನಾವಣೆ ಮುಗಿದ ಎರಡೇ ದಿನಕ್ಕೆ ಮಿಶಿಗನ್ನಿನ ಕೇಟಿ ಫೇಹಿ ಎಂಬ ಯುವತಿ, ಜೆರಿಮ್ಯಾಂಡರಿಂಗ್ ವಿರುದ್ಧ ಕೆಲಸ ಮಾಡಬೇಕೆಂದಿದ್ದೇನೆ, ಆಸಕ್ತರು ತಿಳಿಸಿ ಎಂದು ಫೇಸ್‌ಬುಕ್‌ನಲ್ಲಿ ಬರೆದರು. ರಾಜಕೀಯದ ಅನುಭವವಿಲ್ಲದ ಸ್ವಯಂಸೇವಕರು ಊರೂರು ಸುತ್ತಿ ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. 2018ರ ಜನಮತದಲ್ಲಿ ಶೇ 61 ಮಂದಿ ಒಪ್ಪಿದ ಮೇಲೆ ನಕ್ಷೆ ಬರೆಯುವ ಅಧಿಕಾರ ಶಾಸಕರ ಕೈತಪ್ಪಿ 13 ಮಂದಿ ಸಾಮಾನ್ಯ ನಾಗರಿಕರ ಆಯೋಗಕ್ಕೆ ಬಂತು: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಹೊಸ ನಕ್ಷೆಯಲ್ಲಿ ಪೈಪೋಟಿ ಮರಳಿತು. 2022ರಲ್ಲಿ ಶಾಸನಸಭೆಯ ಎರಡೂ ಮನೆಗಳು ಡೆಮಾಕ್ರಟರಿಗೆ ಬಂದವು. 2024ರಲ್ಲಿ ಕೆಳಮನೆಯನ್ನು ರಿಪಬ್ಲಿಕನ್ನರು ಮತ್ತೆ ಗೆದ್ದರು.

ಈ ಆಯೋಗದ ಕೆಲಸದಲ್ಲೂ ಕೊರತೆಗಳಿದ್ದವು. ಡೆಟ್ರಾಯಿಟ್‌ನ ಕಪ್ಪು ಜನರ ಮತಗಳನ್ನು ಹೊರವಲಯಗಳೊಂದಿಗೆ ಬೆರೆಸಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಜನಾಂಗವನ್ನೇ ಮುಖ್ಯವಾಗಿ ಗಣಿಸಲಾಗಿದೆ ಎಂದು ಫೆಡರಲ್ ಕೋರ್ಟ್ 2023ರ ಡಿಸೆಂಬರಿನಲ್ಲಿ ಶಾಸನಸಭೆಯ 13 ಕ್ಷೇತ್ರಗಳನ್ನು ರದ್ದು ಮಾಡಿತು. ಸಂಸತ್ತಿನ ಮಟ್ಟದಲ್ಲಿ ಕರ್ನಾಟಕದವರಿಗೆ ಪರಿಚಿತವಾದ ಹೆಸರೊಂದು ಈ ಕಥೆಯೊಳಗೆ ಬರುತ್ತದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ ದೊಡ್ಡ ಭಾಗವಿರುವ ಹೊಸ 13ನೇ ಕ್ಷೇತ್ರದಿಂದ ಡೆಮಾಕ್ರಟಿಕ್ ಸಂಸದರಾದರು. ಅದು ಆ ಪಕ್ಷದ ಭದ್ರ ನೆಲೆ. ತೀರ್ಮಾನವಾದದ್ದು ಹಲವರು ಸ್ಪರ್ಧಿಸಿದ್ದ ಆಗಸ್ಟ್ ಪ್ರೈಮರಿಯಲ್ಲಿ, ಶೇ 28ರಷ್ಟು ಮತದಿಂದ. ಅವರ ಗೆಲುವು ನಿಯಮಬದ್ಧವೇ. ಆದರೆ ಕಪ್ಪು ಜನರೇ ಬಹುಸಂಖ್ಯಾತರಾದ ಆ ನಗರಕ್ಕೆ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ಕಪ್ಪು ಸಂಸದರಿಲ್ಲದಂತಾಯಿತು. ಪ್ರಾಮಾಣಿಕರು ಗೆರೆ ಎಳೆದರೂ ಯಾರ ದನಿ ಎಲ್ಲಿ ಕೇಳಿಸಬೇಕೆಂಬ ಕಷ್ಟದ ಆಯ್ಕೆ ತಪ್ಪುವುದಿಲ್ಲ.

ಅಷ್ಟರಲ್ಲಿ 2025 ಬಂತು. ಜನಗಣತಿಗೆ ಇನ್ನೂ ಐದು ವರ್ಷವಿರುವಾಗಲೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒತ್ತಾಯದ ಮೇರೆಗೆ ಟೆಕ್ಸಸ್ ತನ್ನ 38 ಸ್ಥಾನಗಳ ನಕ್ಷೆಯನ್ನು ಬದಲಿಸಿ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚಿಸಲು ಹೊರಟಿತು. ಕೋರಂ ಮುರಿಯಲು ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಹೋದರೂ ಮಸೂದೆ ಆಗಸ್ಟಿನಲ್ಲಿ ಪಾಸಾಯಿತು. ಪ್ರತೀಕಾರವಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಟರು, ತಮ್ಮ ರಾಜ್ಯದ ಮಾದರಿ ನಾಗರಿಕ ಆಯೋಗ ಬರೆದ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು ತಮಗೆ ಐದು ಸ್ಥಾನ ಹೆಚ್ಚಿಸಬಲ್ಲ ನಕ್ಷೆಗೆ ನವೆಂಬರಿನ ಜನಮತದಲ್ಲಿ ಒಪ್ಪಿಗೆ ಪಡೆದರು. ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜಗಳ ಈಗ ಚುನಾವಣೆಗೊಮ್ಮೆ ನಡೆಯುವ ಲಕ್ಷಣವಿದೆ.

ಈ ಓಟಕ್ಕೆ ತಡೆ ಹಾಕಿದವರು ಇಂಡಿಯಾನಾದ ರಿಪಬ್ಲಿಕನ್ನರು. 9 ಸ್ಥಾನಗಳನ್ನೂ ತಮ್ಮ ಪಕ್ಷಕ್ಕೆ ಕೊಡಬಲ್ಲ ನಕ್ಷೆ ಡಿಸೆಂಬರಿನಲ್ಲಿ ರಾಜ್ಯ ಸೆನೆಟ್ ಮುಂದೆ ಬಂತು. ವಿರೋಧಿಸುವವರ ವಿರುದ್ಧ ಪ್ರೈಮರಿಯಲ್ಲಿ ಎದುರಾಳಿಗಳನ್ನು ನಿಲ್ಲಿಸುವುದಾಗಿ ಟ್ರಂಪ್ ಎಚ್ಚರಿಸಿದ್ದರು. ಹಲವರಿಗೆ ಬೆದರಿಕೆಗಳೂ ಬಂದಿದ್ದವು. ಆದರೂ ನಕ್ಷೆ 31–19ರಲ್ಲಿ ಬಿದ್ದುಹೋಯಿತು. ವಿರುದ್ಧ ಮತ ಹಾಕಿದ 31 ಮಂದಿಯಲ್ಲಿ ಡೆಮಾಕ್ರಟರು ಹತ್ತೇ ಜನ. ಉಳಿದ 21 ಮಂದಿ, ಮುಂದೆ ಪ್ರೈಮರಿಯಲ್ಲಿ ತಮ್ಮದೇ ಪಕ್ಷದ ಮತದಾರರಿಗೆ ಉತ್ತರ ಹೇಳಬೇಕಾದ ರಿಪಬ್ಲಿಕನ್ನರು.