ಬದನೆಯ ಬಾಯಾರಿಕೆ, ಹೊಂಗೆಯ ಬಾಯಾರಿಕೆ

ಹಿತ್ತಲಿಲ್ಲದ ಮನೆಯನ್ನು ನಮ್ಮ ಹಿರಿಯರು ಪೂರ್ತಿ ಮನೆಯೆಂದು ಒಪ್ಪುತ್ತಿರಲಿಲ್ಲ. ಅಡುಗೆಮನೆಯ ಹಿಂಬಾಗಿಲು ತೆರೆದರೆ ನಾಲ್ಕು ಬದನೆಗಿಡ, ಒಂದು ಕರಿಬೇವು, ಮೂಲೆಯಲ್ಲಿ ನೆರಳಿಗೊಂದು ಮರ, ಇಷ್ಟಾದರೂ ಇರಬೇಕೆಂಬುದು ಅವರ ಎಣಿಕೆಯಾಗಿತ್ತು. ಇಂದು ಹಿತ್ತಲುಗಳು ಕಿರಿದಾಗಿವೆ. ನೀರಿನ ಅಭಾವವೂ ಹೆಚ್ಚಿದೆ. ಆದಕಾರಣ ಒಂದೇ ಹಿತ್ತಲಿನಲ್ಲಿ ಕಾಯಿಪಲ್ಯವನ್ನೂ ಮರವನ್ನೂ ಬೆಳೆಸುವ ಕುಟುಂಬಗಳು ಅವುಗಳ ಬೇಡಿಕೆ ಬೇರೆ ಬೇರೆಯೆಂಬುದನ್ನು ಅರಿತಿರುವುದು ಅವಶ್ಯವಾಗಿದೆ.

ಧಾರವಾಡ ಸೀಮೆಯ ಎರೆಮಣ್ಣಿನ ಒಂದೂರಿನಲ್ಲಿ ನಮಗೆ ಬಹುಕಾಲದ ಪರಿಚಯದ ಮನೆಯೊಂದಿದೆ. 2020ರ ಮಳೆಗಾಲದಲ್ಲಿ ಆ ಮನೆಯ ಯಜಮಾನರು ಹಿತ್ತಲಿನಲ್ಲಿ ಹೊಂಗೆಯ ಸಸಿಯೊಂದನ್ನು ನೆಟ್ಟರು. ಮರುವರ್ಷ ಅವರು ತೀರಿಕೊಂಡರು. ಅತ್ತೆ ಸೊಸೆಯರಿಬ್ಬರೂ ಆ ಸಸಿಯನ್ನು ಮನೆಯ ಮಗುವಿನಂತೆ ಸಾಕಿದರು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗಲೂ ಪಾತ್ರೆ ತೊಳೆದ ನೀರನ್ನು ತಪ್ಪದೆ ಅದರ ಬುಡಕ್ಕೆ ಸುರಿದರು. ಗಿಡ ಸೊಂಪಾಗಿ ಬೆಳೆದು ಮಾಳಿಗೆಯನ್ನು ಮುಟ್ಟಿತು. 2024ರ ಮೇ ತಿಂಗಳ ಕೊನೆಗೆ ರೋಹಿಣಿ ಮಳೆಯ ಬಿರುಗಾಳಿ ಬೀಸಿದಾಗ ಬೇರುಸಹಿತ ಮಗುಚಿ ಬಿದ್ದಿತು.

ನಾವು ಹೋದಾಗ ಸೊಸೆ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಜ್ಜಾರ, ಬದನಿಗಿಡಕ್ಕ ಹೆಂಗ ದಿನಾ ನೀರು ಹಾಕತಿದ್ವಿ, ಇದಕ್ಕೂ ಹಂಗ ಹಾಕೀವಿ. ಒಂದ ದಿನಾನೂ ತಪ್ಪಿಸಿಲ್ರಿ. ಆದ್ರೂ ಯಾಕ ಬಿತ್ತು?" ಅತ್ತೆಯವರು ಮಾತನಾಡಲಿಲ್ಲ. ಬದನೆ ಸತ್ತರೆ ಎರಡು ತಿಂಗಳು ಹೋಗುತ್ತದೆ. ಇಲ್ಲಿ ಹೋದದ್ದು ನಾಲ್ಕು ವರ್ಷ, ಅದೂ ಪತಿಯ ಕೈಯಿಂದ ನೆಟ್ಟದ್ದು.

ಬಿದ್ದ ಮರದ ಬೇರನ್ನು ಸೊಸೆಗೆ ತೋರಿಸಿದೆವು. ಉತ್ತರ ಅವಳ ಪ್ರಶ್ನೆಯಲ್ಲಿಯೇ ಇದ್ದಿತು. ಬೇರುಗಳೆಲ್ಲ ಮೇಲಿನ ಒಂದು ಅಡಿ ಮಣ್ಣಿನಲ್ಲಿಯೇ ಚಾಪೆಯಂತೆ ಹರಡಿದ್ದವು. ತಾಯಿಬೇರು ಸಸಿಯ ಪ್ಲಾಸ್ಟಿಕ್ ಚೀಲದಲ್ಲಿದ್ದಾಗಲೇ ಸಿಂಬಿಯಂತೆ ಸುತ್ತಿಕೊಂಡು, ನೆಟ್ಟ ಮೇಲೂ ಹಾಗೆಯೇ ಉಳಿದಿದ್ದಿತು. ದಿನವೂ ಒಂದು ತಂಬಿಗೆ ನೀರು ಮೇಲ್ಮಣ್ಣಿನಲ್ಲಿಯೇ ದೊರೆಯುವಾಗ ಬೇರು ಆಳಕ್ಕೆ ಇಳಿಯುವ ಶ್ರಮವನ್ನೇಕೆ ವಹಿಸೀತು? ಮೇಲೆ ಎಲೆಯ ಭಾರ ಹೆಚ್ಚುತ್ತಾ ಹೋಯಿತು, ಕೆಳಗೆ ಹಿಡಿತವಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡಿದವರು ನಾವು. 1975ರ ಸುಮಾರಿಗೆ ಮಠದಲ್ಲಿ ಓದುತ್ತಿದ್ದಾಗ ಬದನೆಯ ಮಡಿಗಳನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತು. ಗಿಡಮರಗಳಿಗೆ ಆಳವಾಗಿ, ಅಪರೂಪಕ್ಕೆ ನೀರುಣಿಸಬೇಕೆಂದು ಎಲ್ಲಿಯೋ ಕೇಳಿದ್ದೆವು. ಹತ್ತು ದಿನಕ್ಕೊಮ್ಮೆ ಮಡಿ ತುಂಬ ನೀರು ನಿಲ್ಲಿಸಿ, ನಡುವೆ ಕಣ್ಣೆತ್ತಿಯೂ ನೋಡದೆ ಪಾಠದಲ್ಲಿ ಮುಳುಗಿದೆವು. ಹೂವುಗಳು ಉದುರಿದವು. ನಿಂತ ನಾಲ್ಕಾರು ಕಾಯಿಗಳು ನಾಲಗೆಗಿಡಲಾಗದಷ್ಟು ಕಹಿಯಾದವು. ಗುರುಗಳು ಬೈಯಲಿಲ್ಲ. ಆ ತಿಂಗಳೆಲ್ಲ ರೊಟ್ಟಿಯ ಜೊತೆಗೆ ಎಣ್ಣೆಗಾಯಿಯ ಬದಲು ಬರಿಯ ಬೇಳೆಯೇ ಬಂದಿತು. ನಮ್ಮ ಜೊತೆಯ ಸಾಧಕರು ಮಾತ್ರ ನಮ್ಮನ್ನು ನೋಡಿ ನೋಡಿ ಉಂಡರು.

ಬದನೆಯದು ಅವಸರದ ಬಾಳು. ಸಸಿಮಡಿಯಲ್ಲಿ ನಾಲ್ಕೈದು ವಾರ ಬೆಳೆಸಿ, ಎರಡರಿಂದ ಎರಡೂವರೆ ಅಡಿ ಅಂತರದಲ್ಲಿ ನಾಟಿ ಮಾಡಿದರೆ, ಎರಡು ತಿಂಗಳೊಳಗಾಗಿ ಮೊದಲ ಕಾಯಿ ಕೈಗೆ ಬರುವುದುಂಟು. ಅಷ್ಟು ಅಲ್ಪಕಾಲದಲ್ಲಿ ಅಷ್ಟು ಫಲ ಕೊಡಬೇಕಾದ ಗಿಡಕ್ಕೆ ಅನ್ನವೂ ಮೇಲ್ಮಣ್ಣಿನಲ್ಲಿಯೇ ಸಿದ್ಧವಾಗಿರಬೇಕು. ಅದು ಉಣ್ಣುವ ಬೇರುಗಳ ಬಹುಭಾಗ ಒಂದು, ಒಂದೂವರೆ ಅಡಿಯೊಳಗೇ ಇರುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಗೆ 25 ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಬಿಸಿಲು ದಿನಕ್ಕೆ ಆರು ತಾಸಿಗೆ ಕಡಮೆಯಾಗಬಾರದು. ನೆರಳಿನಲ್ಲಿ ಬೆಳೆದ ಬದನೆ ಎಲೆಯನ್ನು ಬೆಳೆಸೀತೇ ಹೊರತು ಕಾಯಿಯನ್ನಲ್ಲ. ಹಾಗೆಂದು ಬಿಸಿಲು ಅತಿಯಾದರೂ ಅದು ಸಹಿಸದು. ಕಡುಬೇಸಿಗೆಯ ಝಳಕ್ಕೆ ಹೂ ಉದುರುತ್ತದೆ. ಗೃಹಿಣಿಯರು ಒಂದು ಸಂಗತಿಯನ್ನು ಗಮನಿಸಬೇಕು. ಬದನೆಯ ಹೂಗಳೆಲ್ಲ ಒಂದೇ ಬಗೆಯವಲ್ಲ. ಹೂವಿನ ನಡುವಿನ ಕಡ್ಡಿ ಸುತ್ತಲಿನ ಹಳದಿ ಕೇಸರಗಳಿಗಿಂತ ಮೇಲೆ ಚಾಚಿದ್ದರೆ ಅಂಥ ಹೂ ಕಾಯಾಗುತ್ತದೆ. ಕೇಸರಗಳೊಳಗೆ ಹುದುಗಿದ್ದರೆ ಸಾಮಾನ್ಯವಾಗಿ ಉದುರಿಹೋಗುತ್ತದೆ. ಹೂ ಉದುರಿತೆಂದು ಕೂಡಲೇ ಔಷಧಿಯ ಅಂಗಡಿಗೆ ಓಡುವ ಮೊದಲು ಇದನ್ನು ನೋಡಬೇಕು. ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ ಬದನೆಯ ಬಳಗವೇ ಆದ್ದರಿಂದ ಅವುಗಳನ್ನು ಬೆಳೆದ ಮಡಿಯಲ್ಲಿ ಮತ್ತೆ ಬದನೆಯನ್ನು ಹಾಕಬಾರದು. ಸೊರಗುರೋಗ ಮಣ್ಣಿನಲ್ಲಿ ಉಳಿದಿರುತ್ತದೆ.

ಹೊಂಗೆಯ ವಿಚಾರವೇ ಬೇರೆ. ಅದು ದ್ವಿದಳ ಜಾತಿಯ ಮರ. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುತ್ತವೆ. ಆದ್ದರಿಂದ ನೆಡುವ ಗುಂಡಿಯ ತುಂಬ ಗೊಬ್ಬರ ಸುರಿಯುವುದು ಅನಾವಶ್ಯಕ. ಅಗೆದ ಮಣ್ಣಿಗೆ ಒಂದು ಬುಟ್ಟಿ ಗೊಬ್ಬರ ಬೆರೆಸಿದರೆ ಸಾಕು. ಗುಂಡಿಯೊಳಗೇ ಮೃಷ್ಟಾನ್ನವಿದ್ದರೆ ಬೇರು ಹೊರಮಣ್ಣಿಗೆ ಕಾಲಿಡಲು ಹಿಂಜರಿಯುತ್ತದೆ. ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರನ್ನು ನಿಧಾನವಾಗಿ ಇಂಗುವಂತೆ ಬಿಡಬೇಕು. ಉಳಿದ ಆರು ದಿನ ಅದು ಬಾಯಾರಲಿ. ಮೇಲ್ಮಣ್ಣು ಒಣಗಿದಷ್ಟೂ ಬೇರು ತೇವವನ್ನು ಹುಡುಕುತ್ತಾ ಕೆಳಗಿಳಿಯುತ್ತದೆ. ಮೂರನೆಯ ವರ್ಷದಿಂದ ನಮ್ಮ ನೀರಿನ ಹಂಗು ಅದಕ್ಕೆ ಬಹಳವಿಲ್ಲ. ಆಡು ದನಗಳು ಮುರಿಯದಂತೆ ಬೇಲಿ, ಮನೆಯ ಗೋಡೆಯಿಂದ ಹದಿನೈದು ಇಪ್ಪತ್ತು ಅಡಿ ದೂರ, ಇವೇ ಅದರ ಮುಖ್ಯ ಬೇಡಿಕೆಗಳು.

"ಬರಗಾಲದಾಗ ಕುಡಿಯಾಕ ನೀರಿಲ್ಲ, ಮರಕ್ಕೆಲ್ಲಿ ತರೋದ್ರಿ?" ಎಂದು ಅತ್ತೆಯವರು ಕೇಳಿದರು. ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ಹೇಳಿದ ಅಳತೆಯ ಬದನೆ ಮಡಿಗೆ ಬೇಸಿಗೆಯಲ್ಲಿ ದಿನವೊಂದಕ್ಕೆ ಸುಮಾರು 50 ಲೀಟರು ಬೇಕು. ಮೂರು ದಿನಕ್ಕೊಮ್ಮೆ ಹಾಯಿಸುವುದಾದರೆ 15 ಲೀಟರಿನ ಹತ್ತು ಕೊಡ. ಹೊಂಗೆಯ ಸಸಿಗೆ ವಾರಕ್ಕೆ ಎರಡು ಕೊಡದಂತೆ ಫೆಬ್ರುವರಿಯಿಂದ ಮೇ ಕೊನೆಯವರೆಗಿನ 17 ವಾರಗಳಿಗೆ 34 ಕೊಡ, ಅಂದರೆ 510 ಲೀಟರು. ಬದನೆಯ ಮಡಿ ಹತ್ತು ದಿನಗಳಲ್ಲಿ ಕುಡಿಯುವ ನೀರು ಮರಕ್ಕೆ ಇಡೀ ಬೇಸಿಗೆಗೆ ಸಾಕು! ಸೊಸೆ ಬೆರಳು ಮಡಿಸಿ ಎರಡು ಸಲ ಎಣಿಸಿ ನೋಡಿದಳು. ಕೊಡ ಹೊರುವವಳು ಅವಳೇ ತಾನೆ.

ಇನ್ನುಳಿದದ್ದು ಸ್ಥಳದ ಪ್ರಶ್ನೆ. ಮರವನ್ನು ಎಲ್ಲಿ ಹಾಕಿದರೆ ಬದನೆಯ ಬಿಸಿಲಿಗೆ ಸಂಚಕಾರ ಬಾರದು? ನಮ್ಮ ನಾಡಿನಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಧಾರವಾಡದಲ್ಲಿ 30 ಅಡಿ ಎತ್ತರದ ಮರದ ನೆರಳು ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ ಸುಮಾರು 24 ಅಡಿ ಉತ್ತರಕ್ಕೆ ಬೀಳುತ್ತದೆ. ಆದ್ದರಿಂದ ಮರದ ಉತ್ತರಕ್ಕೆ ಕಾಯಿಪಲ್ಯದ ಮಡಿ ಸಲ್ಲದು. ಮೇ ತಿಂಗಳಲ್ಲಿಯಾದರೋ ಸೂರ್ಯ ವಾಯವ್ಯದ ಕಡೆಗೆ ಸರಿದು ಮುಳುಗುತ್ತಾನೆ. ಮನೆಯ ಹಿಂದೆ ಪಡುವಣಕ್ಕೆ ಹಿತ್ತಲಿದ್ದವರು ವಾಯವ್ಯ ಮೂಲೆಯಲ್ಲಿ ಮರವನ್ನು, ದಕ್ಷಿಣದ ಅಂಚಿನಲ್ಲಿ ಬದನೆಯನ್ನು ಹಾಕಿದರೆ, ಬೇಸಿಗೆಯ ಸಂಜೆಬಿಸಿಲು ಗೋಡೆಗೆ ಬಡಿಯದು, ಚಳಿಗಾಲದ ಬಿಸಿಲು ಮಡಿಗೆ ತಪ್ಪದು. ಇದು ಯಾವ ವಾಸ್ತುವಿನ ಮಾತೆಂದು ನೆರೆಮನೆಯವರೊಬ್ಬರು ಕೇಳಿದರು. ನಾವು ಹೇಳಿದ್ದು ಸೂರ್ಯನ ದಾರಿಯನ್ನಷ್ಟೇ.

ಹೊಂಗೆಯೂ ಬರಿಯ ಪಡೆಯುವ ಮರವಲ್ಲ. ಅದರ ಸೊಪ್ಪು ಒಳ್ಳೆಯ ಹಸಿರುಗೊಬ್ಬರ. ಎಣ್ಣೆ ತೆಗೆದುಳಿದ ಹಿಂಡಿ ತರಕಾರಿ ಮಡಿಗೆ ಗೊಬ್ಬರವೂ ಹೌದು, ಮಣ್ಣಿನ ಹಲವು ಕೀಟಗಳಿಗೆ ತಡೆಯೂ ಹೌದು. ಆದರೆ ಕಾಯಿ ಬಿಡಲು ಅದಕ್ಕೆ ನಾಲ್ಕಾರು ವರ್ಷ ಬೇಕು.

ಅದೇ ವರ್ಷದ ಮೃಗಶಿರಾ ಮಳೆಗೆ ಆ ಮನೆಯ ಹಿತ್ತಲಿನ ವಾಯವ್ಯ ಮೂಲೆಯಲ್ಲಿ, ಚೀಲದ ಸಸಿಯ ಬದಲು, ಒಂದು ರಾತ್ರಿ ನೆನೆಸಿದ ಎರಡು ಹೊಂಗೆಬೀಜಗಳನ್ನೇ ಊರಿದರು. ಬೀಜ ತಾನು ನಿಲ್ಲುವ ನೆಲದಲ್ಲಿಯೇ ಮೊಳೆತರೆ ತಾಯಿಬೇರು ಸುರುಳಿ ಸುತ್ತದೆ ನೆಟ್ಟಗೆ ಇಳಿಯುತ್ತದೆ. ಎರಡೂ ಮೊಳೆತವು, ಬಲವಾದುದನ್ನು ಉಳಿಸಿಕೊಂಡು ಇನ್ನೊಂದನ್ನು ಕಿತ್ತರು. 2025ರ ಏಪ್ರಿಲಿನಲ್ಲಿ ನಾವು ಹೋದಾಗ ಗಿಡ ಸೊಂಟದೆತ್ತರಕ್ಕೆ ಬಂದಿದ್ದಿತು. ಹಿಂದಿನದರಷ್ಟು ಸೊಂಪಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಮೇಲೆ ಸೊಸೆ ಎರಡೆರಡು ಗೀಟು ಎಳೆದಿದ್ದಳು. ನಡುವಿನ ದಿನಗಳಲ್ಲಿ ಅತ್ತೆಯವರು ತಂಬಿಗೆ ಹಿಡಿದು ಹಿತ್ತಲಿಗೆ ಹೊರಟರೆ ಅವಳು ಬಾಗಿಲಲ್ಲಿ ನಿಂತು ತಡೆಯುತ್ತಾಳಂತೆ.