ಧ್ರುವ ನಕ್ಷತ್ರ ತಗ್ಗಿನಲ್ಲಿರುವ ಊರಿನಿಂದ

ಪ್ರಶ್ನೆ: ಎರಡು ನಿಮಿಷ ಎಕ್ಸ್‌ಪೋಷರ್ ಕೊಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ. ದೂರದರ್ಶಕದ ಮೌಂಟ್ ಬದಲಿಸಬೇಕೇ? (ತಿಮ್ಮಾಪುರ, ಮುಧೋಳ ತಾಲ್ಲೂಕು)

ಉತ್ತರ: ತಕ್ಷಣಕ್ಕೆ ಬೇಡ. ಮೊದಲು ಗೆರೆಯ ದಿಕ್ಕು ನೋಡಿ. ಪೂರ್ವ-ಪಶ್ಚಿಮವಾಗಿ ಹಿಂದೆ ಮುಂದೆ ಓಲಾಡಿದ್ದರೆ ತಪ್ಪು ಮೌಂಟನ್ನು ತಿರುಗಿಸುವ ವರ್ಮ್ ಗೇರಿನದು. ಉತ್ತರ ಅಥವಾ ದಕ್ಷಿಣಕ್ಕೆ ಒಂದೇ ಸಮನೆ ಜಾರಿದ್ದರೆ ಮೌಂಟಿನ ಅಕ್ಷ ಧ್ರುವಕ್ಕೆ ನೆಟ್ಟಿಲ್ಲ; ಹೊಸ ಮೌಂಟ್ ತಂದರೂ ಅದೇ ಗೆರೆ ಬರುತ್ತದೆ.

ನಿಮ್ಮ ಭಾಗದ ಅಕ್ಷಾಂಶ ಸುಮಾರು 16 ಡಿಗ್ರಿ. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರ. ಕಬ್ಬು ಬೆಳೆದು ನಿಂತರೆ ಅದು ಕಾಣುವುದೇ ಕಷ್ಟ! ಕಂಡರೂ ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ದೂರ. ಇನ್ನೊಂದು ತೊಡಕು: ಹಲವು ಮೌಂಟ್‌ಗಳು ಯುರೋಪಿನಂಥ ಎತ್ತರದ ಅಕ್ಷಾಂಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಅಕ್ಷವನ್ನು ಇಷ್ಟು ತಗ್ಗಿಸಿದಾಗ ಪ್ರತಿಭಾರದ ಸರಳು ಟ್ರೈಪಾಡಿನ ಕಾಲಿಗೆ ತಾಗಬಹುದು. ಕೊಳ್ಳುವ ಮುನ್ನ ಕನಿಷ್ಠ ಅಕ್ಷಾಂಶ ಎಷ್ಟೆಂದು ಕೇಳಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿಟ್ಟಿರುವ 2.34 ಮೀಟರ್ ವೈನು ಬಾಪು ದೂರದರ್ಶಕವನ್ನಂತೂ ಅಲ್ಲಿನ 12.6 ಡಿಗ್ರಿಗೇ ಹೊಂದಿಸಿ ಕೂರಿಸಿದ್ದಾರೆ.

ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಮೌಂಟ್ ಅದೇ ವೇಗದಲ್ಲಿ ಹಿಂಬಾಲಿಸಬೇಕು. ಗೇರಿನ ಏರುಪೇರಿಗೆ ನನ್ನ ಆಯ್ಕೆ ಆಟೋಗೈಡಿಂಗ್: ಚಿಕ್ಕ ಕ್ಯಾಮೆರಾ ಒಂದು ನಕ್ಷತ್ರವನ್ನೇ ದಿಟ್ಟಿಸುತ್ತ ಕೆಲವೇ ಸೆಕೆಂಡಿಗೊಮ್ಮೆ ಮೋಟರನ್ನು ತಿದ್ದುತ್ತದೆ. ಮೋಟರಿಗೆ ಬೆಲ್ಟ್ ಡ್ರೈವ್ ಹಾಕಿಸುವುದನ್ನು ಆಮೇಲೆ ನೋಡೋಣ. ಅಕ್ಷವೇ ತಪ್ಪಿದ್ದರೆ ಮಾತ್ರ ಗೈಡಿಂಗ್ ಇದ್ದರೂ ಚಿತ್ರದ ಅಂಚುಗಳು ಸುತ್ತುತ್ತವೆ.