ಹೊದಿಕೆ ಗಿಡಕ್ಕಲ್ಲ, ನೆಲಕ್ಕೆ

ಏಳನೇ ತರಗತಿಯ ‘ಉಷ್ಣ’ ಘಟಕದಲ್ಲಿ ವಿಕಿರಣಕ್ಕೆ ಉದಾಹರಣೆಯಾಗಿ ನಮ್ಮೂರು ಊಟಿಯ ಹಿಮವನ್ನು ಆರಿಸಿಕೊಂಡೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಅಲ್ಲಿ, ಡಿಸೆಂಬರ್–ಜನವರಿಯ ಕೆಲವು ಬೆಳಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿರುತ್ತದೆ. ಹಾಗಾಗಿ ಎಳೆಯ ಹೂಗಿಡಗಳನ್ನು ಸಂಜೆಯೇ ಮುಚ್ಚಿಡುತ್ತೇವೆ.

“ಏಕೆ ಮುಚ್ಚುತ್ತಾರೆ?” ಎಂದು ಗುಂಡ್ಲುಪೇಟೆ ಬಳಿಯ ಅಭ್ಯಾಸ ಶಾಲೆಯಲ್ಲಿ ಕೇಳಿದೆ. “ಮೇಲಿಂದ ಮಂಜು ಬೀಳದಿರಲಿ ಅಂತ, ಮಿಸ್” ಎಂದರು ಹಲವರು. “ಗಿಡ ಬೆಚ್ಚಗಿರಲಿ ಅಂತ” ಎಂದಳು ಒಬ್ಬಳು. ಅದೇ ಸರಿ ಎಂದು ಹಲಗೆಯ ಮೇಲೆ ಬರೆದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಗಿಡಕ್ಕೂ ನಮ್ಮ ಹಾಗೆ ಮೈ ಬಿಸಿ ಇರುತ್ತಾ, ಮಿಸ್?” ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಪಾಠ ಮುಗಿಸಿದೆ.

ಆ ರಾತ್ರಿ, ಹಿಂದಿನ ವರ್ಷ ಮನೆಯಲ್ಲಿ ಕಳೆದುಕೊಂಡ ಡೇಲಿಯಾ ಸಸಿಗಳು ನೆನಪಾದವು. ಮಗುವಿಗೆ ಶಾಲು ಸುತ್ತುವಂತೆ ಒಂದೊಂದಕ್ಕೂ ಗೋಣಿಚೀಲ ಸುತ್ತಿ, ಕೆಳಗೆ ಕಾಂಡಕ್ಕೆ ದಾರ ಬಿಗಿದಿದ್ದೆ. ಬೆಳಿಗ್ಗೆ ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು. ಪಕ್ಕದ ಪಾತಿಗೆ ಅಮ್ಮ ನಾಲ್ಕು ಕೋಲು ನೆಟ್ಟು, ನೆಲ ಮುಟ್ಟುವಂತೆ ಹಳೆ ಕಂಬಳಿ ಹೊದಿಸಿದ್ದರು. ಅಲ್ಲಿನ ಸಸಿಗಳು ಉಳಿದವು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಕಂಬಳಿ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗದಂತೆ ತಡೆಯುತ್ತದೆ. ನಮ್ಮ ಮೈ ತಾನೇ ಶಾಖ ಉತ್ಪಾದಿಸುತ್ತದೆ. ಸಸಿಗೆ ಹಾಗೆ ಬೆಚ್ಚಗಿರಲಾಗದು. ರಾತ್ರಿ ಅದರ ಬಳಿ ಇರುವ ಶಾಖದ ಉಗ್ರಾಣವೆಂದರೆ ಹಗಲಿನ ಬಿಸಿಲು ಕುಡಿದ ನೆಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲವೂ ಎಲೆಯೂ ಶಾಖವನ್ನು ಆಕಾಶಕ್ಕೆ ವಿಕಿರಣವಾಗಿ ಕಳೆದುಕೊಳ್ಳುತ್ತವೆ. ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆದ್ದರಿಂದಲೇ ಆಳೆತ್ತರದ ಥರ್ಮಾಮೀಟರ್ 2–3 ಡಿಗ್ರಿ ಸೆಲ್ಸಿಯಸ್ ತೋರಿಸುವಾಗಲೂ ಎಲೆಯ ಮೇಲೆ ಹಿಮ ಕಟ್ಟಬಹುದು. ಎಲೆಯೊಳಗೆ ಕೋಶಗಳ ನಡುವೆ ಮಂಜುಗಡ್ಡೆಯಾದರೆ ಅದು ಕೋಶದ ನೀರನ್ನು ಹೊರಗೆಳೆಯುತ್ತದೆ, ಕೋಶಪೊರೆ ಹಾಳಾಗುತ್ತದೆ.

ಅಮ್ಮನ ಪದ್ಧತಿಯ ಒಂದೊಂದು ಹೆಜ್ಜೆಗೂ ಈಗ ಕಾರಣ ಸಿಕ್ಕಿತು. ಹಗಲಲ್ಲೇ ಮಣ್ಣಿಗೆ ನೀರು ಹಾಕಬೇಕು. ಒದ್ದೆ ಮಣ್ಣು ಹೆಚ್ಚು ಶಾಖ ಹಿಡಿದಿಡುತ್ತದೆ. ನೆಲದ ಬಿಸಿ ಆರುವ ಮೊದಲೇ, ಅಂದರೆ ಸೂರ್ಯ ಮುಳುಗುವ ಹೊತ್ತಿಗೆ, ಹೊದಿಸಬೇಕು. ಹೊದಿಕೆಯ ಅಂಚು ಎಲ್ಲ ಕಡೆ ನೆಲಕ್ಕೆ ತಾಗಬೇಕು, ಆದರೆ ಎಲೆಗೆ ತಾಗಬಾರದು. ಪ್ಲಾಸ್ಟಿಕ್ ಆದರಂತೂ ತಾಗಿದಲ್ಲೇ ಎಲೆ ಸುಡುತ್ತದೆ. ಬಿಸಿಲೇರಿದ ಮೇಲೆ ತೆಗೆದರೆ ನೆಲ ಮತ್ತೆ ಕಾಯುತ್ತದೆ. ಕುಂಡಗಳಿದ್ದರೆ ಮನೆಯ ಗೋಡೆಯ ಪಕ್ಕ, ಸೂರಿನಡಿ ಇಟ್ಟರೆ ಸಾಕು.

ಮರುದಿನ ಹಲಗೆಯ ಮೇಲೆ ನಾನು ಬರೆದದ್ದು ಅರ್ಧ ಮಾತ್ರ ಸರಿ ಎಂದು ಮಕ್ಕಳೆದುರೇ ತಿದ್ದಿದೆ. ‘ಮಂಜು ಬೀಳುತ್ತದೆ’ ಎಂಬ ಮಾತಿಗೆ ಒಂದು ಪ್ರಯೋಗ ಮಾಡಿದೆವು. ತಗಡಿನ ಡಬ್ಬಿಯಲ್ಲಿ ಮೂರು ಪಾಲು ಪುಡಿ ಮಂಜುಗಡ್ಡೆ, ಒಂದು ಪಾಲು ಉಪ್ಪು ಬೆರೆಸಿ ಕಾದೆವು. ಡಬ್ಬಿಯ ಹೊರಮೈ ಮೇಲೆ ಬಿಳಿ ಹಿಮ ಮೂಡಿತು. “ನೆಟ್ಟಗಿರುವ ಗೋಡೆಗೆ ಮೇಲಿಂದ ಬಿದ್ದದ್ದೇ?” ಎಂದೆ. “ಇಲ್ಲ, ಗಾಳೀಲಿದ್ದ ಆವಿ ಅಲ್ಲೇ ಕಟ್ಟಿದೆ” ಎಂದರು.

ಮೌಲ್ಯಮಾಪನಕ್ಕೆ, ಹೊದಿಸಿದ ಪಾತಿಯ ಚಿತ್ರ ಬರೆದು ಶಾಖದ ದಿಕ್ಕಿಗೆ ಬಾಣ ಹಾಕಲು ಹೇಳಿದೆ. ಐದಾರು ಮಕ್ಕಳ ಬಾಣ ಇನ್ನೂ ಆಕಾಶದಿಂದ ಕೆಳಗಿಳಿಯುತ್ತಿತ್ತು. ಅವರೊಂದಿಗೆ ಇನ್ನೊಮ್ಮೆ ಕೂರಬೇಕು. ಪ್ರಶ್ನೆ ಕೇಳಿದ ಹುಡುಗನ ಬಾಣಗಳು ಮಣ್ಣಿನಿಂದ ಹೊರಟು ಕಂಬಳಿಯವರೆಗೆ ಹೋಗಿ ನಿಂತಿದ್ದವು.